ಮಾಗಿಯ ಚಳಿಯಲ್ಲಿ ಊಟ ಬಿಟ್ಟ ಹಾವು

ಪ್ರಶ್ನೆ: ನಾನು ಹಾಸನದವನು, ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ನನ್ನ ಬಳಿ ಮೂರು ವರ್ಷದ ಗಂಡು ಬಾಲ್ ಪೈಥಾನ್, ಅಂದರೆ ವಿದೇಶಿ ಹೆಬ್ಬಾವು, ಇದೆ. ಬೆಂಗಳೂರಿನಿಂದ ಮರಿಯಾಗಿದ್ದಾಗಲೇ ತಂದದ್ದು. ಇಷ್ಟು ದಿನ ಪ್ರತಿ ಭಾನುವಾರ ನೂರು ಗ್ರಾಂ ಮೀರಿದ ಒಂದು ಬಿಳಿ ಇಲಿಯನ್ನು ತಪ್ಪದೆ ತಿನ್ನುತ್ತಿತ್ತು. ಜೀವಂತ ಇಲಿ ಸಿಗುವುದು ಕಷ್ಟವಾದ್ದರಿಂದ ಅಕ್ಟೋಬರಿನಲ್ಲಿ ಫ್ರೀಜರಿನ ಇಲಿಗೆ ಬದಲಾಯಿಸಿದೆ. ಎರಡು ಬಾರಿ ತಿಂದಿತು. ನವೆಂಬರ್ ಎರಡನೇ ವಾರದಿಂದ ಒಂದನ್ನೂ ಮುಟ್ಟಿಲ್ಲ, ಒಂಬತ್ತು ವಾರವಾಯಿತು. ಅದೇ ತಿಂಗಳು ಅದರ ಗಾಜಿನ ಪೆಟ್ಟಿಗೆಯನ್ನು ಮಹಡಿಯ ಕೋಣೆಗೆ ಸಾಗಿಸಿದೆವು. ಹಗಲು 60 ವ್ಯಾಟ್ ಬಲ್ಬು ಹಾಕುತ್ತೇನೆ, ಗಾಜಿಗೆ ಅಂಟಿಸಿದ ಥರ್ಮಾಮೀಟರ್ 28 ಡಿಗ್ರಿ ತೋರಿಸುತ್ತದೆ. ಅದಕ್ಕೂ ಕತ್ತಲೆ ಬೇಕೆಂದು ರಾತ್ರಿ ಬಲ್ಬು ಆರಿಸುತ್ತೇನೆ. ತೂಕ 1,240 ಗ್ರಾಂ ಇದ್ದದ್ದು ಈಗ 1,175. ಅಮ್ಮ ಹಾಲನ್ನೋ ಮೊಟ್ಟೆಯನ್ನೋ ಇಟ್ಟು ನೋಡು ಎನ್ನುತ್ತಾರೆ. ಮಾರಿದವರು ಬಾಯಿ ಬಿಡಿಸಿ ತುರುಕಿ ಎನ್ನುತ್ತಾರೆ. ಗೆಳೆಯನೊಬ್ಬ ತೋಟದಲ್ಲಿ ಹಿಡಿದ ಇಲಿ ತಂದುಕೊಡುತ್ತೇನೆ ಎಂದಿದ್ದಾನೆ. ಹಾವು ಸತ್ತುಹೋಗುತ್ತದೆಯೋ ಎಂಬ ಭಯದಲ್ಲಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಎರಡು ತೂಕಗಳು. ಹಾವು ತಿನ್ನುತ್ತಿಲ್ಲ ಎಂದು ನನಗೆ ಕರೆ ಮಾಡುವವರನ್ನು ಮೊದಲು ಎಷ್ಟು ತೂಕವಿತ್ತು, ಈಗ ಎಷ್ಟಿದೆ ಎಂದು ಕೇಳಿದರೆ ಬಹಳಷ್ಟು ಮಂದಿ ಸುಮ್ಮನಾಗುತ್ತಾರೆ. ನೀವು ತೂಗಿ ಬರೆದಿಟ್ಟಿದ್ದೀರಿ. ಅದರ ಬಲದಿಂದಲೇ ಹೇಳುತ್ತೇನೆ: ನಿಮ್ಮ ಹಾವು ಹಸಿವಿನಿಂದ ಸಾಯುವ ಹಾದಿಯಲ್ಲಿಲ್ಲ. ಒಂಬತ್ತು ವಾರದಲ್ಲಿ ಇಳಿದದ್ದು 65 ಗ್ರಾಂ, ಅಂದರೆ ಮೈತೂಕದಲ್ಲಿ ನೂರಕ್ಕೆ ಐದರಷ್ಟು. ಅದರಲ್ಲೂ ಒಂದು ಪಾಲು ಹೊಟ್ಟೆಯೊಳಗಿದ್ದ ಹಳೆಯ ಮಲ ಹೊರಹೋದದ್ದರಿಂದ ಕಡಿಮೆಯಾಗಿರುತ್ತದೆ. ನಾನು ಕಳವಳಪಡುವುದು ನೂರಕ್ಕೆ ಹತ್ತು ಇಳಿದಾಗ. ನಿಮ್ಮ ಹಾವಿನ ಲೆಕ್ಕದಲ್ಲಿ ಅದು 1,116 ಗ್ರಾಂ. ಈ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಅಲ್ಲಿಗೆ ಮುಟ್ಟುವವರೆಗೆ ನಮಗೆ ಯೋಚನೆ ಮಾಡಲು ಸಮಯವಿದೆ.

ನಾಯಿ ಮೂರು ದಿನ ಅನ್ನ ಬಿಟ್ಟರೆ ನಾವು ಓಡಬೇಕು. ಹಾವಿನ ಮೈಯ ಲೆಕ್ಕವೇ ಬೇರೆ. ತನ್ನ ಮೈಯನ್ನು ಬೆಚ್ಚಗಿಡಲು ಅದು ಆಹಾರವನ್ನು ಸುಡುವುದಿಲ್ಲ, ಹೊರಗಿನ ಶಾಖವನ್ನೇ ಎರವಲು ಪಡೆಯುತ್ತದೆ. ಹೆಬ್ಬಾವಿನ ಜಾತಿಯ ಹಾವುಗಳಲ್ಲಿ ಇನ್ನೂ ಒಂದು ವಿಶೇಷವಿದೆ. ಊಟವಿಲ್ಲದ ದಿನಗಳಲ್ಲಿ ಅವುಗಳ ಕರುಳು ಕುಗ್ಗಿ ಕೆಲಸ ನಿಲ್ಲಿಸಿ ಮಲಗುತ್ತದೆ. ಇಲಿಯೊಂದು ಒಳಗಿಳಿದ ಒಂದೆರಡು ದಿನದಲ್ಲೇ ಅದೇ ಕರುಳು ಹಿಗ್ಗಿ ದುಪ್ಪಟ್ಟು ತೂಗುತ್ತದೆ. ಹಬ್ಬವೊಂದು ಉಪವಾಸವೊಂದು ಎಂಬಂತೆ ಬದುಕಲು ಹುಟ್ಟಿದ ಮೈ ಅದು. ಬಾಲ್ ಪೈಥಾನಿನ ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹುಲ್ಲುಗಾವಲು. ಇಲಿ ಬಿಲದೊಳಗೋ ಗೆದ್ದಲ ಹುತ್ತದೊಳಗೋ ತಿಂಗಳುಗಟ್ಟಲೆ ಸುಮ್ಮನೆ ಸುತ್ತಿಕೊಂಡು ಕುಳಿತಿರುವುದು ಅದಕ್ಕೆ ಶಿಕ್ಷೆಯಲ್ಲ. ಜೊತೆಗೆ ನಿಮ್ಮದು ಬೆಳೆದ ಗಂಡು. ವರ್ಷದ ಈ ತಂಪು ತಿಂಗಳುಗಳಲ್ಲಿ ಬೆದೆಯ ಗುಂಗಿಗೆ ಬಿದ್ದು ಗಂಡುಗಳು ಊಟ ಮರೆಯುವುದು ಸಾಮಾನ್ಯ. ಮೂರು ನಾಲ್ಕು ತಿಂಗಳು ಏನೂ ತಿನ್ನದೆ ಇದ್ದು, ಮಾರ್ಚಿನಲ್ಲಿ ಒಂದು ರಾತ್ರಿ ಏನೂ ನಡೆದಿಲ್ಲವೆಂಬಂತೆ ಇಲಿ ಹಿಡಿದ ಗಂಡುಗಳನ್ನು ನಾನೇ ಕಂಡಿದ್ದೇನೆ.

ಹಾಗೆಂದು ಎಲ್ಲವನ್ನೂ ಕಾಲದ ಮೇಲೆ ಹಾಕಿ ನಾನು ಪತ್ರ ಮುಗಿಸುವುದಿಲ್ಲ. ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಸಂಗತಿಯೊಂದಿದೆ: ರಾತ್ರಿ ಬಲ್ಬು ಆರಿಸುತ್ತೇನೆ ಎಂದಿದ್ದೀರಿ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ಉತ್ತರದ ಮುಕ್ಕಾಲು ಪಾಲು ಅಲ್ಲಿದೆ.

ಹಾಸನ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗಿಂತ ಮೇಲಿರುವ ಊರು. ಜನವರಿಯ ರಾತ್ರಿ ಹೊರಗೆ ಹದಿನಾಲ್ಕು ಹದಿನೈದು ಡಿಗ್ರಿಗೆ ಇಳಿಯುತ್ತದೆ. ಮಹಡಿಯ ಕೋಣೆಯ ತಾರಸಿ ಹಗಲು ಕಾದು ರಾತ್ರಿ ಬೇಗ ತಣ್ಣಗಾಗುತ್ತದೆ. ಬೆಳಗಿನ ಜಾವ ನಾಲ್ಕು ಗಂಟೆಗೆ ನಿಮ್ಮ ಗಾಜಿನ ಪೆಟ್ಟಿಗೆಯ ಒಳಗೆ ಹತ್ತೊಂಬತ್ತು ಇಪ್ಪತ್ತು ಡಿಗ್ರಿ ಇದ್ದರೆ ನನಗೆ ಆಶ್ಚರ್ಯವಿಲ್ಲ. ನಮಗೆ ಅದು ಕಂಬಳಿ ಹೊದೆಯುವ ಚಳಿ. ಹಾವಿಗೆ ಹೊದೆಯಲು ಏನೂ ಇಲ್ಲ. ಅದರ ಹೊಟ್ಟೆಯೂ ಹತ್ತೊಂಬತ್ತು ಡಿಗ್ರಿಗೇ ಬಂದು ನಿಲ್ಲುತ್ತದೆ. ಆ ಶಾಖದಲ್ಲಿ ಜೀರ್ಣರಸ ಸರಿಯಾಗಿ ಕೆಲಸ ಮಾಡುವುದಿಲ್ಲ. ನುಂಗಿದ ಇಲಿ ಕರಗುವ ಮೊದಲೇ ಕೊಳೆಯಬಹುದು, ಕೊಳೆತದ್ದನ್ನು ಹಾವು ಕಕ್ಕುತ್ತದೆ. ಕಕ್ಕಿದರೆ ಅನ್ನನಾಳ ಸುಟ್ಟಂತಾಗಿ, ಮೈಯ ನೀರಂಶವೂ ಇಳಿದು, ಉಪವಾಸಕ್ಕಿಂತ ದೊಡ್ಡ ನಷ್ಟವಾಗುತ್ತದೆ. ನಿಮ್ಮ ಹಾವು ಇಲಿಯನ್ನು ಬೇಡವೆನ್ನುತ್ತಿರುವುದು ಹಠದಿಂದಲ್ಲ. ತನ್ನ ಮೈಯಲ್ಲಿ ಈಗ ಒಲೆ ಹತ್ತಿಲ್ಲ ಎಂಬುದು ಅದಕ್ಕೆ ಗೊತ್ತು.

ಗಾಜಿಗೆ ಅಂಟಿಸಿದ ಥರ್ಮಾಮೀಟರನ್ನು ನಂಬಬೇಡಿ. ಅದು ಹೇಳುವುದು ಗಾಜಿನ ಬಿಸಿಯನ್ನು. ಹಾವು ಮಲಗುವುದು ನೆಲದ ಮೇಲೆ. ತಂತಿಯ ತುದಿಯಲ್ಲಿ ಲೋಹದ ಮೊಳೆಯಂಥದ್ದಿರುವ ಡಿಜಿಟಲ್ ಥರ್ಮಾಮೀಟರ್ ಎರಡು ಕೊಳ್ಳಿ. ಒಂದರ ತುದಿಯನ್ನು ಬಿಸಿ ಮೂಲೆಯ ಅಡಗುತಾಣದ ಒಳಗೆ ನೆಲಕ್ಕೆ ತಾಗುವಂತೆ ಇಡಿ, ಇನ್ನೊಂದನ್ನು ತಂಪು ಮೂಲೆಯಲ್ಲಿ. ಕನಿಷ್ಠ ಮತ್ತು ಗರಿಷ್ಠ ಶಾಖವನ್ನು ನೆನಪಿಟ್ಟುಕೊಳ್ಳುವ ಸಾಧನವಾದರೆ ಬೆಳಗ್ಗೆ ಎದ್ದು ಹಿಂದಿನ ರಾತ್ರಿಯ ಕತೆಯನ್ನೆಲ್ಲ ಓದಬಹುದು. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಉಪಕರಣ ಮನೆಯಲ್ಲಿದ್ದರೆ ಅದನ್ನು ಬಳಸಬೇಡಿ. ಅದು ಮನುಷ್ಯನ ಮೈಬಿಸಿಗೆಂದು ಹೊಂದಿಸಿದ್ದು, ಪೆಟ್ಟಿಗೆಯ ನೆಲಕ್ಕೆ ಹಿಡಿದರೆ ಸುಳ್ಳು ಹೇಳುತ್ತದೆ. ಬೇಕಾದದ್ದು ಇಷ್ಟು: ಬಿಸಿ ಮೂಲೆಯಲ್ಲಿ 31ರಿಂದ 32 ಡಿಗ್ರಿ, ತಂಪು ಮೂಲೆಯಲ್ಲಿ 25ರಿಂದ 26, ರಾತ್ರಿ ಎಲ್ಲಿಯೂ 24ಕ್ಕಿಂತ ಕೆಳಗಿಳಿಯಬಾರದು.

ಕತ್ತಲೆ ಬೇಕು ಎಂದು ನೀವು ಯೋಚಿಸಿದ್ದು ಸರಿ. ಹಾವಿಗೆ ರಾತ್ರಿ ಕತ್ತಲೆಯೇ ಬೇಕು, ಆದರೆ ಬೆಚ್ಚನೆಯ ಕತ್ತಲೆ. ಬೆಳಕು ಕೊಡದೆ ಶಾಖ ಮಾತ್ರ ಕೊಡುವ ಸೆರಾಮಿಕ್ ಹೀಟರ್ ಸಿಗುತ್ತದೆ, ಬಲ್ಬಿನಂತೆ ತಿರುಗಿಸಿ ಹಾಕುವಂಥದ್ದು. ಅದನ್ನು ಪಿಂಗಾಣಿ ಹೋಲ್ಡರಿಗೇ ಹಾಕಬೇಕು, ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ. ಹಾವು ಸುತ್ತಿಕೊಳ್ಳಲಾಗದಂತೆ ತಂತಿಬಲೆಯ ಆಚೆ ಇರಬೇಕು. ಇನ್ನೊಂದು ದಾರಿ ಪೆಟ್ಟಿಗೆಯ ಅಡಿಯಲ್ಲಿ ಹಾಸುವ ಹೀಟಿಂಗ್ ಮ್ಯಾಟ್. ಯಾವುದನ್ನು ತಂದರೂ ಜೊತೆಗೆ ಶಾಖ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ತರದೆ ಮನೆಗೆ ಬರಬೇಡಿ. ಥರ್ಮೋಸ್ಟಾಟ್ ಇಲ್ಲದ ಮ್ಯಾಟಿನ ಮೇಲೆ ಮಲಗಿ ಹೊಟ್ಟೆಯ ಹುರುಪೆಗಳು ಸುಟ್ಟು ಕಂದಿದ ಹಾವುಗಳಿಗೆ ನಾನು ಮುಲಾಮು ಹಚ್ಚಿದ್ದೇನೆ. ಅಡಿಯಿಂದ ಸುಡುವಾಗ ಅವುಗಳಿಗೆ ಎದ್ದು ಹೋಗಬೇಕೆಂದು ತಿಳಿಯುವುದಿಲ್ಲ. ಪೆಟ್ಟಿಗೆಯ ಹಿಂಬದಿ ಮತ್ತು ಎರಡು ಬದಿಗಳಿಗೆ ಹೊರಗಿನಿಂದ ಥರ್ಮೊಕೋಲ್ ಹಾಳೆ ಕಟ್ಟಿ, ಹೀಟರಿಗೆ ತಾಗದಂತೆ. ಶಾಖ ಉಳಿಯುತ್ತದೆ, ಮೂರು ಕಡೆ ಮರೆಯೂ ಆಗುತ್ತದೆ.

ಈ ಸಮಸ್ಯೆ ನಿಮ್ಮೊಬ್ಬರದಲ್ಲ. ನಾನು ಚಿಕ್ಕಮಗಳೂರಿನಲ್ಲಿ ಪಶುವೈದ್ಯ. ಹಾವಿನ ಊಟದ ಕರೆಗಳು ನನಗೆ ವರ್ಷಕ್ಕೆ ಎರಡು ಸುಗ್ಗಿಯಲ್ಲಿ ಬರುತ್ತವೆ. ಒಂದು ಡಿಸೆಂಬರಿನಿಂದ ಫೆಬ್ರವರಿ, ಕಾಫಿ ಕೊಯ್ಲಿನ ಹೊತ್ತಿಗೆ. ಇನ್ನೊಂದು ಜುಲೈ, ಆಗಸ್ಟ್. ಮೂಡಿಗೆರೆ, ಸಕಲೇಶಪುರದ ಕಡೆ ಆಗ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ, ಮರ ಬಿದ್ದು ಕರೆಂಟ್ ಹೋದರೆ ಬರುವುದು ಎಂದೋ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇರುವವರು ಬರೆದದ್ದನ್ನು ಓದಿ ನಮ್ಮವರು ಹಾವು ಸಾಕುತ್ತಾರೆ. ಮಂಗಳೂರಿನ ಸೆಕೆಯಲ್ಲಿ ಬಲ್ಬು ಆರಿಸಿದರೂ ನಡೆಯುತ್ತದೆ. ನಮ್ಮ ಕಡೆ ನಡೆಯುವುದಿಲ್ಲ. ಕರೆಂಟ್ ಹೋದಾಗ ಬಿಸಿನೀರು ತುಂಬಿದ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಅಡಗುತಾಣದ ಪಕ್ಕಕ್ಕೆ ಇಟ್ಟು, ಪೆಟ್ಟಿಗೆಗೆ ಕಂಬಳಿ ಹೊದಿಸಿ. ಬಚ್ಚಲ ಒಲೆಯ ಪಕ್ಕ ಬೆಚ್ಚಗಿರುತ್ತದೆಂದು ಅಲ್ಲಿಗೆ ಪೆಟ್ಟಿಗೆ ಒಯ್ದವರೂ ಇದ್ದಾರೆ. ಬೆಚ್ಚಗೇನೋ ಇರುತ್ತದೆ, ಆದರೆ ಹೊಗೆಯಿಂದ ಹಾವಿನ ಶ್ವಾಸಕೋಶ ಕೆಡುತ್ತದೆ.

ಇನ್ನು ಪೆಟ್ಟಿಗೆಯ ಜಾಗ. ಕೆಳಗಿನ ಕೋಣೆಯಿಂದ ಮಹಡಿಗೆ ಸಾಗಿಸಿದ್ದು ನಿಮಗೆ ಹದಿನೈದು ಮೆಟ್ಟಿಲಿನ ಮಾತು. ನೆಲದ ಅದುರು, ಬೆಳಕು, ವಾಸನೆ ಎಲ್ಲವೂ ಬದಲಾದ ಹಾವಿಗೆ ಅದು ಊರು ಬಿಟ್ಟ ಹಾಗೆ. ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕೂ ಕಡೆಯಿಂದ ಕಾಣಿಸುತ್ತಾ ಕುಳಿತ ಬಾಲ್ ಪೈಥಾನ್ ಊಟದ ಯೋಚನೆ ಮಾಡುವುದಿಲ್ಲ. ಅದಕ್ಕೆ ಎರಡು ಅಡಗುತಾಣ ಬೇಕು, ಬಿಸಿ ಮೂಲೆಯಲ್ಲಿ ಒಂದು, ತಂಪು ಮೂಲೆಯಲ್ಲಿ ಒಂದು. ಒಂದೇ ಇಟ್ಟರೆ ಬೆಚ್ಚಗಿರಬೇಕೋ ಮರೆಯಲ್ಲಿರಬೇಕೋ ಎಂಬ ಇಕ್ಕಟ್ಟಿಗೆ ಅದನ್ನು ದೂಡಿದಂತೆ. ಅರಮನೆಯಂಥದ್ದು ಬೇಡ, ಸುತ್ತಿಕೊಂಡಾಗ ಬೆನ್ನು ಗೋಡೆಗೆ ತಾಗುವಷ್ಟು ಕಿರಿದಾಗಿರಬೇಕು. ಬಾಯಂಚು ಒಡೆದ ಮಣ್ಣಿನ ಮಡಕೆಯನ್ನು ಬೋರಲು ಹಾಕಿ, ಚೂಪು ಅಂಚನ್ನು ಉಜ್ಜಿ ನುಣುಪು ಮಾಡಿದರೆ ಅದಕ್ಕಿಂತ ಒಳ್ಳೆಯದು ಪೇಟೆಯಲ್ಲಿ ಸಿಗುವುದಿಲ್ಲ. ನೆಲಕ್ಕೆ ತೆಂಗಿನ ನಾರಿನ ಪುಡಿ ಹಾಸಿ. ಅರಸೀಕೆರೆ ಇರುವ ಜಿಲ್ಲೆಯವರಿಗೆ ಅದನ್ನು ಹುಡುಕುವ ಕಷ್ಟವಿಲ್ಲ. ಮಾಗಿಯ ಗಾಳಿ ಒಣಗಿರುತ್ತದೆ, ಬಲ್ಬು ಇನ್ನಷ್ಟು ಒಣಗಿಸುತ್ತದೆ. ತೇವಾಂಶ ನೂರಕ್ಕೆ 55ರಿಂದ 70ರ ನಡುವೆ ಇರಲಿ. ಕಣ್ಣು ಹಾಲುಬಣ್ಣಕ್ಕೆ ತಿರುಗಿ ಪೊರೆ ಬಿಡುವ ಸೂಚನೆ ಕಂಡರೆ, ಪೊರೆ ಪೂರ್ತಿ ಕಳಚುವವರೆಗೆ ಇಲಿಯ ಮಾತೇ ಬೇಡ.

ಇಷ್ಟು ಸರಿಪಡಿಸಿದ ಮೇಲೆ ಹತ್ತು ದಿನ ಹಾವಿನ ತಂಟೆಗೆ ಹೋಗಬೇಡಿ. ನೀರು ಬದಲಾಯಿಸಿ, ಗಲೀಜು ತೆಗೆಯಿರಿ, ಬಾಗಿಲು ಮುಚ್ಚಿ. ಎತ್ತಿಕೊಳ್ಳುವುದು, ಗೆಳೆಯರಿಗೆ ತೋರಿಸುವುದು, ಪ್ರತಿದಿನ ಇಲಿ ಹಿಡಿದು ಕೇಳುವುದು ಯಾವುದೂ ಬೇಡ. ದಿನಾ ಇಲಿ ತೋರಿಸಿದರೆ ಒಂದು ದಿನ ತಿಂದೀತು ಎಂದುಕೊಳ್ಳುವವರು ಬಹಳ. ಆಗುವುದು ಅದಕ್ಕೆ ತಿರುಗುಮುರುಗು. ಇಲಿಯೆಂದರೆ ಪೀಡೆ ಎಂದು ಹಾವು ಕಲಿತುಕೊಳ್ಳುತ್ತದೆ.

ಹನ್ನೊಂದನೆಯ ದಿನದ ಇಲಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಎರಡು ಬಾರಿ ತಿಂದದ್ದರಿಂದ ನಿಮ್ಮ ಹಾವಿಗೆ ಫ್ರೀಜರಿನ ಇಲಿ ಅಪರಿಚಿತವಲ್ಲ. ಆದರೆ ಆಗ ಅದರ ಮೈ ಬೆಚ್ಚಗಿತ್ತು, ಹಸಿವೂ ಇತ್ತು, ನಮ್ಮ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಂಡಿತು. ಈಗ ಇಲಿ ಎಲ್ಲ ರೀತಿಯಲ್ಲೂ ಇಲಿಯಂತಿರಬೇಕು. ಬಾಲ್ ಪೈಥಾನಿನ ಮೇಲ್ದುಟಿಯ ಅಂಚನ್ನು ಹತ್ತಿರದಿಂದ ನೋಡಿ. ಸಾಲಾಗಿ ಸಣ್ಣ ಗುಳಿಗಳು ಕಾಣುತ್ತವೆ. ಶಾಖವನ್ನು ಗುರುತಿಸುವುದು ಅವುಗಳ ಕೆಲಸ. ಕತ್ತಲಲ್ಲಿ ಅದು ಇಲಿಯನ್ನು ಕಾಣುವುದು ಬೆಚ್ಚಗಿನ ಒಂದು ಆಕಾರವಾಗಿ. ತಣ್ಣಗಿನ ಇಲಿ ಆ ಕಣ್ಣಿಗೆ ಒಂದು ಕಲ್ಲು.

ಹಿಂದಿನ ರಾತ್ರಿಯೇ ಇಲಿಯನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ಫ್ರೀಜರಿನಿಂದ ಫ್ರಿಜ್‌ಗೆ ಇಳಿಸಿ, ನಿಧಾನವಾಗಿ ಕರಗಲಿ. ಮರುದಿನ ರಾತ್ರಿ ಒಂಬತ್ತರ ಹೊತ್ತಿಗೆ, ಚೀಲ ಬಿಚ್ಚದೆಯೇ, ಸ್ನಾನದ ನೀರಿಗಿಂತ ತುಸು ಬಿಸಿಯಾದ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಮುಳುಗಿಸಿಡಿ. ಕುದಿಯುವ ನೀರು ಬೇಡ, ಮೈಕ್ರೋವೇವ್ ಖಂಡಿತ ಬೇಡ. ಒಳಗಿನಿಂದ ಬೆಂದು ಹೊಟ್ಟೆ ಒಡೆಯುತ್ತದೆ. ಹೊರತೆಗೆದು ಹೊಟ್ಟೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಒಳಗೆ ಬಟಾಣಿಯಷ್ಟು ಗಟ್ಟಿ ಸಿಕ್ಕಿದರೂ ಅದು ಮಂಜುಗಡ್ಡೆ, ಇನ್ನೂ ಹತ್ತು ನಿಮಿಷ ಬಿಡಿ. ಆಮೇಲೆ ಹಳೆಯ ಬಟ್ಟೆಯಲ್ಲಿ ತೇವ ಒರಸಿ, ಕೂದಲು ಒಣಗಿಸುವ ಡ್ರೈಯರ್ ಹಿಡಿದು ತಲೆಯ ಭಾಗವನ್ನು ಮಾತ್ರ ಇನ್ನೊಂದು ನಿಮಿಷ ಬಿಸಿ ಮಾಡಿ. ಜೀವಂತ ಇಲಿಯ ಮೈ 37 ಡಿಗ್ರಿಯ ಆಸುಪಾಸು ಇರುತ್ತದೆ. ತಲೆ ಅದಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚಿದ್ದರೆ ಹಾವು ತಲೆಯನ್ನೇ ಗುರಿ ಹಿಡಿಯುತ್ತದೆ, ನುಂಗುವುದೂ ಸುಲಭ.

ಕೋಣೆಯ ದೀಪ ಆರಿಸಿ, ಬಾಗಿಲ ಸಂದಿಯ ಬೆಳಕು ಸಾಕು. ಒಂದು ಅಡಿಗಿಂತ ಉದ್ದದ ಇಕ್ಕಳದಲ್ಲಿ ಇಲಿಯ ಸೊಂಟದ ಮೇಲಿನ ಚರ್ಮವನ್ನು ಹಿಡಿದು, ಅಡಗುತಾಣದ ಬಾಯಿಯಿಂದ ಒಂದು ಗೇಣು ದೂರದಲ್ಲಿ ನೆಲದ ಮೇಲೆ ನಡೆಸಿ. ಹಾವಿನ ಮುಖಕ್ಕೆ ಒಯ್ಯಬೇಡಿ. ಯಾವ ಇಲಿಯೂ ಹಾವಿನ ಮುಖಕ್ಕೆ ಬಂದು ಹಾಯುವುದಿಲ್ಲ, ಹಾಗೆ ಬಂದರೆ ಅದು ಶತ್ರು ಎಂದೇ ಹಾವು ತಿಳಿಯುತ್ತದೆ. ಎರಡು ಹೆಜ್ಜೆ, ಒಂದು ನಿಲುಗಡೆ, ಮತ್ತೆ ಒಂದು ಹೆಜ್ಜೆ. ಈಗ ಅದರ ನಾಲಿಗೆ ನೋಡಿ. ಮೊದಲು ಬೇಗ ಬೇಗ ಹೊರಬರುತ್ತಿದ್ದ ನಾಲಿಗೆ ನಿಧಾನವಾಗುತ್ತದೆ, ಕತ್ತು ಹಿಂದೆ ಸರಿದು ಮಡಚಿಕೊಳ್ಳುತ್ತದೆ, ತಲೆ ಇಲಿ ಹೋದತ್ತಲೇ ತಿರುಗುತ್ತದೆ. ಆಗ ನೀವು ಉಸಿರು ಹಿಡಿದು ಕಾಯಬೇಕು, ಇಕ್ಕಳ ಅಲುಗಿಸಬಾರದು. ಹೊಡೆದು ಸುತ್ತಿಕೊಂಡ ಮೇಲೆ ಒಮ್ಮೆ ಮೆಲ್ಲಗೆ ಎಳೆದುಬಿಡಿ, ಬೇಟೆ ಕೊಸರಾಡಿತೆಂದು ಹಿಡಿತ ಬಿಗಿಯಾಗುತ್ತದೆ. ನಂತರ ಬಾಗಿಲು ಹಾಕಿ ಹೊರಗೆ ಬನ್ನಿ. ಅದಕ್ಕೆ ಬದಲು ಹಾವು ತಲೆಯನ್ನು ಸುರುಳಿಯೊಳಗೆ ಹುದುಗಿಸಿತೋ, ಹಿಂದಕ್ಕೆ ಜಾರಿತೋ, ಅಂದಿನ ಪ್ರಯತ್ನ ಅಲ್ಲಿಗೆ ಮುಗಿಯಿತು. ಇಲಿಯನ್ನು ಬಿಸಿ ಮೂಲೆಯ ಅಡಗುತಾಣದ ಬಾಯಲ್ಲಿ ಇಟ್ಟು ಬನ್ನಿ. ಕೆಲವು ಹಾವುಗಳು ನಾವು ಮಲಗಿದ ಮೇಲೆ ತಿನ್ನುತ್ತವೆ. ಬೆಳಗ್ಗೆ ಹಾಗೇ ಇದ್ದರೆ ಎಸೆಯಿರಿ. ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬಾರದು. ಮುಂದಿನ ಪ್ರಯತ್ನ ಎರಡು ವಾರದ ನಂತರ.

ಎರಡು ಮೂರು ಪ್ರಯತ್ನಕ್ಕೂ ಒಲಿಯದಿದ್ದರೆ ವಾಸನೆಯ ಉಪಾಯವಿದೆ. ಬಿಳಿ ಇಲಿ ಸಾಕುವವರ ಬಳಿ, ಇಲಿಗಳು ನಾಲ್ಕು ದಿನ ಮಲಗಿದ ಹೊಟ್ಟನ್ನೋ ಕಾಗದದ ಚೂರನ್ನೋ ಒಂದು ಹಿಡಿ ಕೇಳಿ ತನ್ನಿ. ಕರಗಿಸಿದ ಇಲಿಯನ್ನು ಅದರೊಂದಿಗೆ ಚೀಲದಲ್ಲಿ ಹಾಕಿ ಬಿಸಿ ಮಾಡಿ. ಫ್ರೀಜರಿನಲ್ಲಿ ಕಳೆದುಹೋದ ವಾಸನೆ ಮರಳುತ್ತದೆ. ನನ್ನ ಅನುಭವದಲ್ಲಿ ಇದಕ್ಕೆ ಒಲಿದಷ್ಟು ಹಾವುಗಳು ಬೇರೆ ಯಾವ ಉಪಾಯಕ್ಕೂ ಒಲಿದಿಲ್ಲ. ಇಲಿಯ ಗಾತ್ರವನ್ನೂ ತಗ್ಗಿಸಿ. ಈ ವಯಸ್ಸಿನ ಹಾವಿಗೆ ವಾರಕ್ಕೊಂದು ನೂರು ಗ್ರಾಂ ಮೀರಿದ ಇಲಿ ಹೆಚ್ಚಾಯಿತು. ಇಷ್ಟು ದಿನ ನೀವು ಪ್ರೀತಿಯಿಂದ ತುಸು ಜಾಸ್ತಿಯೇ ಉಣಿಸಿದ್ದೀರಿ. ಅರವತ್ತರಿಂದ ಎಪ್ಪತ್ತು ಗ್ರಾಮಿನ ಇಲಿ, ಎರಡು ಮೂರು ವಾರಕ್ಕೊಮ್ಮೆ ಸಾಕು. ಉಪವಾಸ ಮುರಿಯುವ ಮೊದಲ ಇಲಿ ಇನ್ನೂ ಚಿಕ್ಕದಿರಲಿ. ತಿಂದ ಮೇಲೆ ಎರಡು ದಿನ ಮುಟ್ಟಬೇಡಿ.

ಜೀವಂತ ಇಲಿಗೆ ಮರಳಬೇಕೆಂದು ನಿಮಗೆ ಅನ್ನಿಸುತ್ತಿರಬಹುದು. ಕೆಲವು ವರ್ಷಗಳ ಹಿಂದೆ ಒಂದು ಜುಲೈಯಲ್ಲಿ ಮೂಡಿಗೆರೆ ಕಡೆಯ ತೋಟದ ಮನೆಯಿಂದ ಒಂದು ಕಾರ್ನ್ ಸ್ನೇಕ್ ತಂದಿದ್ದರು. ಮೂರು ದಿನದಿಂದ ಕರೆಂಟ್ ಇರಲಿಲ್ಲ. ಹಾವು ತಿನ್ನುತ್ತಿಲ್ಲವೆಂದು ಜೀವಂತ ಇಲಿಯೊಂದನ್ನು ಪೆಟ್ಟಿಗೆಗೆ ಬಿಟ್ಟು ಮನೆಯವರು ಮಲಗಿದ್ದರು. ಚಳಿಗೆ ಮರಗಟ್ಟಿದ ಹಾವು ಕದಲಲಿಲ್ಲ. ಹಸಿದದ್ದು ಇಲಿ. ನನ್ನ ಮೇಜಿನ ಮೇಲೆ ಬಟ್ಟೆ ಬಿಚ್ಚಿದಾಗ ಆ ಹಾವಿನ ಬೆನ್ನಿನ ಮೇಲೆ ಎರಡು ಬೆರಳಗಲ ಚರ್ಮವೇ ಇರಲಿಲ್ಲ, ಬೆನ್ನುಮೂಳೆಯ ಮಣಿಗಳು ಬಿಳಿಯಾಗಿ ಕಾಣುತ್ತಿದ್ದವು. ಹಾವು ಕೂಗುವುದಿಲ್ಲ; ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಏನೂ ಕೇಳಿಸಿರಲಿಲ್ಲ. ನಾಲ್ಕು ತಿಂಗಳು ಔಷಧಿ ಹಚ್ಚಿ ಗಾಯ ಮಾಯಿತು, ಆ ಜಾಗದಲ್ಲಿ ಹುರುಪೆ ಮಾತ್ರ ಮತ್ತೆ ಸರಿಯಾಗಿ ಬರಲಿಲ್ಲ. ಅದನ್ನು ತಂದ ಹುಡುಗಿ ಅಳುತ್ತಲೇ ಹಾವನ್ನು ಹಿಡಿದುಕೊಂಡಿದ್ದಳು. ತಿನ್ನದ ಹಾವಿನೊಂದಿಗೆ ಜೀವಂತ ಇಲಿಯನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಬೇಡಿ.

ಬಾಯಿ ಬಿಡಿಸಿ ತುರುಕುವುದರ ಬಗ್ಗೆ ನನ್ನ ಮಾತು ಇನ್ನೂ ಗಟ್ಟಿ. ಹಾಗೆ ತುರುಕಿದ ಒಂದು ಮರಿ ಬಾಲ್ ಪೈಥಾನನ್ನು ನನ್ನಲ್ಲಿಗೆ ತರುವಷ್ಟರಲ್ಲಿ ಅನ್ನನಾಳ ಹರಿದಿತ್ತು, ಉಳಿಸಲಾಗಲಿಲ್ಲ. ಅದು ಊಟ ಬಿಟ್ಟು ಆಗಿದ್ದದ್ದು ಮೂರೇ ವಾರ. ಹಾವಿನ ಹಲ್ಲುಗಳು ಒಳಮುಖವಾಗಿ ಬಾಗಿದ ಸೂಜಿಗಳು, ದವಡೆ ನವಿರು, ಉಸಿರಿನ ಕೊಳವೆಯ ಬಾಯಿ ನಾಲಿಗೆಯ ಹಿಂದೆಯೇ ತೆರೆದುಕೊಳ್ಳುತ್ತದೆ. ಹೆದರಿದ ಹಾವು ತುರುಕಿದ್ದನ್ನು ಕಕ್ಕಿದರೆ ಅದು ಶ್ವಾಸಕೋಶಕ್ಕೂ ಇಳಿಯಬಹುದು. ತೀರಾ ಸೊರಗಿದ ಹಾವಿಗೆ ನಳಿಕೆಯ ಮೂಲಕ ಆಹಾರ ಕೊಡುವ ಸಂದರ್ಭಗಳಿವೆ. ಆಗಲೂ ಮೊದಲು ನೀರಂಶ ತುಂಬಿ, ಆಮೇಲೆ ತೆಳುವಾದ ಆಹಾರವನ್ನು ಸ್ವಲ್ಪ ಸ್ವಲ್ಪವೇ ಕೊಡುತ್ತೇವೆ. ಬಹಳ ದಿನ ಖಾಲಿಯಿದ್ದ ಮೈಗೆ ಒಮ್ಮೆಲೇ ತುಂಬಿದರೆ ರಕ್ತದ ಲವಣಗಳು ಏರುಪೇರಾಗಿ ಜೀವಕ್ಕೇ ಅಪಾಯ. ಅದು ವೈದ್ಯರ ಕೈಯ ಕೆಲಸ. 1,175 ಗ್ರಾಮಿನ ಹಾವಿಗೆ ಅದರ ಹತ್ತಿರವೂ ಸುಳಿಯುವ ಅಗತ್ಯವಿಲ್ಲ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಹಾಲು ಕೊಡು ಎನ್ನುವುದರ ಹಿಂದೆ ನಾಗರಪಂಚಮಿಯ ಭಕ್ತಿಯಿದೆ, ಪ್ರಾಣಿ ಹಸಿದಿರಬಾರದೆಂಬ ಕರುಳಿದೆ. ಆದರೆ ಹಾವಿಗೆ ಹಾಲು ಜೀರ್ಣವಾಗುವುದಿಲ್ಲ. ಬಾಯಾರಿದ ಹಾವು ಯಾವ ದ್ರವ ಕಂಡರೂ ಬಾಯಿ ಹಾಕುತ್ತದೆ, ಜನ ಅದನ್ನೇ ಹಾಲು ಕುಡಿಯಿತೆಂದು ತಿಳಿಯುತ್ತಾರೆ. ಶುದ್ಧ ನೀರಿನ ಬಟ್ಟಲು ಸದಾ ಇರಲಿ, ಅದೇ ಅದಕ್ಕೆ ಅಮೃತ. ಬಾಲ್ ಪೈಥಾನ್ ಕೋಳಿಮೊಟ್ಟೆಯನ್ನು ಆಹಾರವೆಂದು ಗುರುತಿಸುವುದೇ ಇಲ್ಲ. ಅಂಗಡಿಯ ಕೋಳಿಮಾಂಸದ ತುಂಡೂ ಬೇಡ; ಮೂಳೆ, ಯಕೃತ್ತು, ಚರ್ಮ ಎಲ್ಲ ಸೇರಿದ ಇಡೀ ಪ್ರಾಣಿಯಲ್ಲಿರುವ ಸುಣ್ಣದಂಶ ಬರೀ ಮಾಂಸದಲ್ಲಿಲ್ಲ. ಅಂದ ಹಾಗೆ, ಇಲಿಯ ಚೀಲವನ್ನು ಮನೆಯ ಫ್ರಿಜ್‌ನಲ್ಲಿ ಮೊಸರಿನ ಪಕ್ಕ ಇಡುತ್ತಿದ್ದರೆ ಅದು ನಿಲ್ಲಲಿ. ಸಾಲ್ಮೊನೆಲ್ಲಾ ಸೋಂಕು ನಿಜವಾದ ಅಪಾಯ. ಬಿಗಿ ಮುಚ್ಚಳದ ಬೇರೆ ಡಬ್ಬಿ, ಬೇರೆ ಪಾತ್ರೆ, ಮುಟ್ಟಿದ ಮೇಲೆ ಸೋಪಿನಲ್ಲಿ ಕೈತೊಳೆಯುವುದು, ಇಷ್ಟು ಮನೆಯವರಿಗೆ ನೀವು ಕೊಡಬೇಕಾದ ಮರ್ಯಾದೆ.

ಗೆಳೆಯ ತರುವ ತೋಟದ ಇಲಿಯನ್ನು ಮಾತ್ರ ಮನೆಯೊಳಗೇ ಬಿಟ್ಟುಕೊಳ್ಳಬೇಡಿ. ತೋಟ, ಗದ್ದೆ, ಗೋದಾಮುಗಳಲ್ಲಿ ಇಲಿ ಪಾಷಾಣ ಇಡುತ್ತಾರೆ. ಕೆಲವು ಪಾಷಾಣಗಳು ತಿಂದ ಇಲಿಯನ್ನು ಕೂಡಲೇ ಕೊಲ್ಲುವುದಿಲ್ಲ. ಮಂಕಾಗಿ ಸುಲಭವಾಗಿ ಕೈಗೆ ಸಿಕ್ಕುವ ಇಲಿ ಪಾಷಾಣ ತಿಂದದ್ದೇ ಇರಬಹುದು. ಅದನ್ನು ನುಂಗಿದ ಹಾವಿಗೂ ವಿಷ ಏರುತ್ತದೆ. ಹುಳುಗಳು, ಉಣ್ಣೆಗಳು ಬೇರೆ. ಇದಕ್ಕೆಲ್ಲ ಮಿಗಿಲಾಗಿ, ಮಲೆನಾಡಿನವರಿಗೆ ಇಲಿ ಜ್ವರ ಗೊತ್ತಿಲ್ಲದ್ದಲ್ಲ. ಇಲಿಯ ಮೂತ್ರದಿಂದ ಅಂಟುವ ರೋಗ ಅದು. ಇಲಿಯನ್ನು ಕೈಯಲ್ಲಿ ಹಿಡಿದು ತರುವ ಗೆಳೆಯನಿಗೇ ಮೊದಲ ಅಪಾಯ.

ಇಷ್ಟರ ನಡುವೆ ಕಾಯಿಲೆಯ ಗುರುತುಗಳನ್ನು ನೋಡುತ್ತಿರಬೇಕು. ಬಾಯಿ ತೆರೆದು ಉಸಿರಾಡುವುದು, ಉಸಿರಿಗೆ ಸಿಳ್ಳೆಯಂಥ ಸದ್ದು, ಮೂಗಿನಲ್ಲಿ ಗುಳ್ಳೆ, ಒಸಡಿನಲ್ಲಿ ಕೆಂಪು ಅಥವಾ ಮೊಸರಿನಂಥ ಲೇಪ, ಕಣ್ಣಂಚಿನಲ್ಲಿ ಮತ್ತು ಗಲ್ಲದಡಿ ಕರಿ ಚುಕ್ಕೆಯಂತೆ ಓಡಾಡುವ ಉಣ್ಣೆ, ಮೈಯ ನಡುವೆ ಬಾವು, ತಲೆಯನ್ನು ಮೇಲಕ್ಕೆ ತಿರುಗಿಸಿ ಹಾಗೇ ನಿಲ್ಲುವುದು, ಬೆನ್ನುಮೂಳೆ ಏಣಿನಂತೆ ಎದ್ದು ಕಾಣುವುದು. ಇವುಗಳಲ್ಲಿ ಒಂದು ಕಂಡರೂ ತೂಕ ಎಷ್ಟೇ ಇರಲಿ, ಕಾಯಬೇಡಿ. ಮುಂದೆ ಎಂದಾದರೂ ತಿಂದದ್ದನ್ನು ಕಕ್ಕಿದರೆ ಎರಡು ವಾರ ತಿನ್ನಲು ಏನೂ ಕೊಡದೆ, ಆಮೇಲೆ ಅರ್ಧ ಗಾತ್ರದ ಇಲಿಯಿಂದ ಆರಂಭಿಸಿ. ಎರಡನೇ ಬಾರಿಯೂ ಕಕ್ಕಿದರೆ ವೈದ್ಯರಿಗೆ ತೋರಿಸಿ. ಜಂತುಹುಳುವಿನ ಅನುಮಾನಕ್ಕೆ ತಾಜಾ ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕಷ್ಟು ತಿಳಿಯುತ್ತದೆ. ನಿಮ್ಮ ಊರಿನಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿ ವಿಚಾರಿಸಿ. ಅಂಗಡಿಯವರು ಕೊಡುವ ಹಸಿವಿನ ಟಾನಿಕ್, ಊಹೆಯ ಮೇಲಿನ ಹುಳುವಿನ ಮಾತ್ರೆ ಬೇಡ.

ಕಾಗದದ ಮಾತನ್ನೂ ಹೇಳುತ್ತೇನೆ, ಏಕೆಂದರೆ ದಾಖಲೆಯಿಲ್ಲ ಎಂಬ ಅಂಜಿಕೆಯಿಂದ ವೈದ್ಯರ ಬಳಿ ಬರದೆ ತಡಮಾಡಿದ ಹಾವುಗಳನ್ನು ನೋಡಿದ್ದೇನೆ. ಬಾಲ್ ಪೈಥಾನ್, ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿರುವ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿಯನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ವಿವರ ಕೊಟ್ಟು ನೋಂದಾಯಿಸಬೇಕು. ನೀವು ಇನ್ನೂ ಮಾಡಿಸಿಲ್ಲದಿದ್ದರೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ ಸರಿಪಡಿಸಿಕೊಳ್ಳಿ. ನಮ್ಮ ನೆಲದ ಹೆಬ್ಬಾವು, ಕೇರೆ, ನಾಗರಗಳನ್ನು ಹಿಡಿದು ಸಾಕುವುದು ಅಪರಾಧವೆಂಬುದನ್ನು ತೋಟ ಸುತ್ತುವ ಆ ಗೆಳೆಯನಿಗೂ ಹೇಳಿಡಿ.

ಈ ವಾರ ಹೀಟರ್, ಥರ್ಮೋಸ್ಟಾಟ್, ಎರಡು ಮಡಕೆ. ಮೂರು ರಾತ್ರಿಯ ಕನಿಷ್ಠ ಶಾಖವನ್ನು ಬರೆದುಕೊಳ್ಳಿ. 24ರ ಮೇಲೆ ನಿಂತಿದೆಯೆಂದು ಖಾತ್ರಿಯಾದ ದಿನದಿಂದ ಆ ಹತ್ತು ದಿನವನ್ನು ಎಣಿಸಿ. ತೂಕವನ್ನು ಹದಿನೈದು ದಿನಕ್ಕೊಮ್ಮೆ ಮಾತ್ರ ನೋಡಿ, ಅಡುಗೆಮನೆಯದಲ್ಲದ ಬೇರೆ ತಕ್ಕಡಿಯಲ್ಲಿ, ಮುಚ್ಚಳದ ಡಬ್ಬಿಯೊಳಗೆ ಹಾವನ್ನಿಟ್ಟು. ಫೆಬ್ರವರಿ ಕೊನೆಗೆ ಆ ತೂಕಗಳನ್ನೂ ರಾತ್ರಿಯ ಶಾಖದ ಪಟ್ಟಿಯನ್ನೂ ನನಗೆ ಬರೆದು ಕಳುಹಿಸಿ, ತಿಂದಿದ್ದರೂ ತಿನ್ನದಿದ್ದರೂ.